ಪರದೇಶದ ವೀಸಾ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ವೀಸಾ ಮತ್ತು ಪರವಾನಗಿ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲನೆಯದು ನೈಜೀರಿಯಾದ ವಿದ್ಯಾರ್ಥಿಯೊಬ್ಬನ ಪರವಾಗಿ ಬಂದದ್ದು. ಅದರಲ್ಲಿ ಕೇಳಿರುವ ಬಹುತೇಕ ಸಂಗತಿಗಳು ನಮ್ಮ ಮಕ್ಕಳಿಗೂ ಅನ್ವಯಿಸುವುದರಿಂದ ಅದಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಮಹಡಿಯಲ್ಲಿ ನೈಜೀರಿಯಾದ ಹುಡುಗನೊಬ್ಬ ಬಾಡಿಗೆಗೆ ಇದ್ದಾನೆ. ಇಲ್ಲಿ ಅವನ ಎಂ.ಎಸ್ಸಿ. ಮುಗಿಯುತ್ತ ಬಂದಿದೆ. ಮುಂದೆ ಬ್ರಿಟನ್ನಿನಲ್ಲೋ ಕೆನಡಾದಲ್ಲೋ ಓದುವ ಆಸೆ ಅವನದು. ಲಾಗೋಸ್‌ನಲ್ಲಿರುವ ಅವನ ಚಿಕ್ಕಪ್ಪ ಹಣ ಕೊಡಲು ಒಪ್ಪಿದ್ದಾರೆ. ಅರ್ಜಿ ಹಾಕಲು ಅವನು ಊರಿಗೆ ಹೋಗಲೇಬೇಕೆ, ಇಲ್ಲಿಂದಲೇ ಹಾಕಬಹುದೆ? ಏಜೆಂಟರೊಬ್ಬರು "ಬ್ಯಾಂಕ್ ಬ್ಯಾಲೆನ್ಸ್ ನಾವೇ ತೋರಿಸಿಕೊಡುತ್ತೇವೆ, ಚಿಂತೆ ಬೇಡ" ಎಂದು ಹೇಳಿದ್ದಾರಂತೆ. ಮನೆಯ ಮಗನಂತೆ ಇರುವ ಹುಡುಗ, ಮೋಸ ಹೋಗಬಾರದು ಎಂದು ಬರೆಯುತ್ತಿದ್ದೇನೆ.
— ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ಊರಿಗೆ ಹೋಗಬೇಕಾಗಿಲ್ಲ. ಯಾವ ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದಾನೋ ಅಲ್ಲಿಂದಲೇ ಬ್ರಿಟನ್ನಿಗೂ ಕೆನಡಾಕ್ಕೂ ಅರ್ಜಿ ಹಾಕಬಹುದು. ಅರ್ಜಿ ತುಂಬುವುದು ಆನ್‌ಲೈನ್‌ನಲ್ಲಿ. ಬೆರಳಚ್ಚು ಮತ್ತು ಫೋಟೊ ಕೊಡಲು ಮಾತ್ರ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು. ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದಿನ ಕೇಂದ್ರ ಹತ್ತಿರ. ಆದರೆ "ಕಾನೂನುಬದ್ಧವಾಗಿ" ಎಂಬ ಮಾತಿನ ತೂಕವನ್ನು ಮೊದಲು ಮನಗಾಣಬೇಕು. ಭಾರತದ ವಿದ್ಯಾರ್ಥಿ ವೀಸಾ ಆ ಕೋರ್ಸಿಗೆ ಕಟ್ಟಿಕೊಂಡಿರುತ್ತದೆ. ಅದು ಮುಗಿದ ಮೇಲೂ, ಇನ್ನೊಂದು ದೇಶದ ವೀಸಾ ಬರಲಿ ಎಂದು ಕಾಯುತ್ತ ಇಲ್ಲಿ ಉಳಿದರೆ ಅವಧಿ ಮೀರಿ ನೆಲೆಸಿದ ದಾಖಲೆ ಹುಟ್ಟುತ್ತದೆ. ಆಮೇಲೆ ದೇಶ ಬಿಡಲು ನಿರ್ಗಮನ ಪರವಾನಗಿ ಬೇಕಾಗುತ್ತದೆ, ದಂಡ ಕಟ್ಟಬೇಕಾಗುತ್ತದೆ, ಮುಂದಿನ ಪ್ರತಿಯೊಂದು ಅರ್ಜಿಯಲ್ಲಿಯೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆದ್ದರಿಂದ ಅವನ ವೀಸಾ ಮತ್ತು ನಿವಾಸ ಪರವಾನಗಿ ಯಾವ ದಿನಾಂಕದವರೆಗೆ ಇವೆ ಎಂಬುದನ್ನು ಇಂದೇ ನೋಡಿ. ವಿಸ್ತರಣೆ ಬೇಕಿದ್ದರೆ ಅವಧಿ ತೀರುವ ಮೊದಲೇ ವಿದೇಶಿಯರ ನೋಂದಣಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ, ವಿಶ್ವವಿದ್ಯಾಲಯದ ಪತ್ರದೊಂದಿಗೆ ಅರ್ಜಿ ಹಾಕಲಿ. ಮನೆಯೊಡತಿಯಾಗಿ ನಿಮ್ಮ ಕರ್ತವ್ಯವೂ ಒಂದಿದೆ. ವಿದೇಶಿಯರಿಗೆ ಮನೆ ಕೊಟ್ಟವರು ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಜನ ಅದನ್ನು ಸಿ ಫಾರಂ ಎಂದು ಕರೆಯುತ್ತಾರೆ. ನೀವು ಅದನ್ನು ಸಲ್ಲಿಸಿದ್ದೀರಿ ಎಂದೇ ಭಾವಿಸುತ್ತೇವೆ. ಸಲ್ಲಿಸಿರದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯ ವಿದೇಶಿಯರ ನೋಂದಣಿ ವಿಭಾಗದಲ್ಲಿ ವಿಚಾರಿಸಿ, ಸರಿಪಡಿಸಿಕೊಳ್ಳಿ.

ಇನ್ನು ಹಣದ ವಿಷಯ. ನೈಜೀರಿಯಾದ ವಿದ್ಯಾರ್ಥಿಗಳ ಅರ್ಜಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಬ್ರಿಟನ್ನಿನ ವಿದ್ಯಾರ್ಥಿ ವೀಸಾಕ್ಕೆ ಚಿಕ್ಕಪ್ಪನ ಖಾತೆಯಲ್ಲಿರುವ ಹಣ ನಡೆಯುವುದಿಲ್ಲ. ಹಣ ವಿದ್ಯಾರ್ಥಿಯ ಸ್ವಂತ ಖಾತೆಯಲ್ಲಿರಬೇಕು, ಇಲ್ಲವೆ ತಂದೆ-ತಾಯಿಯ ಅಥವಾ ಕಾನೂನುಬದ್ಧ ಪೋಷಕರ ಖಾತೆಯಲ್ಲಿರಬೇಕು. ತಂದೆ-ತಾಯಿಯ ಖಾತೆಯನ್ನು ತೋರಿಸಿದರೆ ಸಂಬಂಧ ರುಜುವಾತುಪಡಿಸುವ ಜನನ ಪ್ರಮಾಣಪತ್ರವನ್ನೂ ಅವರ ಒಪ್ಪಿಗೆ ಪತ್ರವನ್ನೂ ಜೊತೆಗಿಡಬೇಕು. ನೈಜೀರಿಯಾದಲ್ಲಿ ಜನನ ಪ್ರಮಾಣಪತ್ರ ಕೊಡುವ ಅಧಿಕಾರ ಅಲ್ಲಿನ ರಾಷ್ಟ್ರೀಯ ಜನಸಂಖ್ಯಾ ಆಯೋಗದ್ದು. ಆಸ್ಪತ್ರೆಯ ಚೀಟಿ, ಚರ್ಚಿನ ದಾಖಲೆ, ನ್ಯಾಯಾಲಯದಲ್ಲಿ ಮಾಡಿಸಿದ ವಯಸ್ಸಿನ ಪ್ರಮಾಣಪತ್ರಗಳನ್ನಷ್ಟೇ ನಂಬಿ ಕೂರುವ ಬದಲು ಆಯೋಗದ ಪತ್ರವನ್ನು ಊರಿನವರ ಮೂಲಕ ಈಗಲೇ ತರಿಸಿಕೊಳ್ಳಲಿ. ಚಿಕ್ಕಪ್ಪ ನಿಜವಾಗಿಯೂ ನೆರವಾಗುವವರಾದರೆ ಹಣವನ್ನು ಸಾಕಷ್ಟು ಮುಂಚಿತವಾಗಿ ಹುಡುಗನ ಖಾತೆಗೋ ಅವನ ತಂದೆಯ ಖಾತೆಗೋ ವರ್ಗಾಯಿಸಿ, ಯಾಕೆ ಕೊಟ್ಟೆ ಎಂಬುದನ್ನು ಪತ್ರದಲ್ಲಿ ಬರೆದುಕೊಡಲಿ.

ಎಷ್ಟು ಹಣ ಬೇಕು? ಮೊದಲ ವರ್ಷದ ಶುಲ್ಕದಲ್ಲಿ ಕಟ್ಟದೆ ಉಳಿದದ್ದರ ಜೊತೆಗೆ, ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡಿನಂತೆ ಗರಿಷ್ಠ 9 ತಿಂಗಳ ಖರ್ಚನ್ನು, ಅಂದರೆ 10,539 ಪೌಂಡನ್ನು ತೋರಿಸಬೇಕು. 2025ರ ನವೆಂಬರಿನಿಂದ ಜಾರಿಯಲ್ಲಿರುವ ದರ ಇದು. ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್. ಈ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಬೇಕು, ನಡುವೆ ಒಂದು ದಿನವೂ ಕೆಳಗಿಳಿಯಬಾರದು, ಆ 28ನೆಯ ದಿನವು ಅರ್ಜಿ ಹಾಕುವ ದಿನಕ್ಕಿಂತ 31 ದಿನಗಳಿಗಿಂತ ಹಿಂದೆ ಇರಬಾರದು. ಖಾತೆ ನೈಜೀರಿಯಾದ ನಾಣ್ಯವಾದ ನೈರಾದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. 2023ರ ಜೂನ್‌ಗಿಂತ ಮೊದಲು ಒಂದು ಡಾಲರಿಗೆ ಸುಮಾರು 460 ನೈರಾ ಇದ್ದದ್ದು, ವಿನಿಮಯ ದರದ ಮೇಲಿನ ಹಿಡಿತ ಸಡಿಲಿಸಿದ ಮೇಲೆ, 2024ರಲ್ಲಿ 1,500ನ್ನೂ ದಾಟಿತು. ಬ್ರಿಟನ್ನಿನ ಗೃಹ ಇಲಾಖೆ ಲೆಕ್ಕ ಹಾಕುವುದು ಅರ್ಜಿ ಹಾಕಿದ ದಿನದ, ಒಯಾಂಡಾ ಎಂಬ ವಿನಿಮಯ ದರದ ಜಾಲತಾಣದ ದರದಲ್ಲಿ. ಹಣ ಇಟ್ಟ ದಿನ ಸರಿಯಾಗಿದ್ದ ಮೊತ್ತ ಅರ್ಜಿಯ ದಿನ ನೂರಿನ್ನೂರು ಪೌಂಡ್ ಕಡಿಮೆ ಬೀಳಬಹುದು. ಖಾತೆಯಿಂದ ಒಂದು ನೈರಾವನ್ನೂ ತೆಗೆಯದಿದ್ದರೂ ಅರ್ಜಿ ತಿರಸ್ಕೃತವಾಗಬಹುದು. ಹೀಗಾಗಿ ಬೇಕಾದದ್ದಕ್ಕಿಂತ ಹತ್ತು-ಹದಿನೈದು ಶೇಕಡಾ ಹೆಚ್ಚಿಗೆ ಇಡುವುದು ಜಾಣತನವೆಂದು ನಮ್ಮ ಅಭಿಪ್ರಾಯ. ವೀಸಾ ಶುಲ್ಕವಲ್ಲದೆ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಸೇವೆಯ ಶುಲ್ಕವನ್ನೂ ಅರ್ಜಿಯೊಂದಿಗೇ ಕಟ್ಟಬೇಕು. ಅದನ್ನು ಈ ಮೊತ್ತದಿಂದಲೇ ತೆಗೆದು ಕಟ್ಟಿ, ಖಾತೆಯಲ್ಲಿರಬೇಕಾದ ಹಣವನ್ನು ಕೆಳಗಿಳಿಸಿಕೊಂಡವರಿದ್ದಾರೆ.

ಕೆನಡಾದ ನಿಯಮ ಬೇರೆ. ಅಲ್ಲಿ ಚಿಕ್ಕಪ್ಪನ ನೆರವನ್ನು ತೋರಿಸಬಹುದು. ಆದರೆ ಅವರು ಯಾರು, ಏನು ಉದ್ಯೋಗ, ತಮ್ಮ ಮಕ್ಕಳನ್ನು ಬಿಟ್ಟು ಅಣ್ಣನ ಮಗನಿಗೆ ಇಷ್ಟು ಹಣ ಯಾಕೆ ಕೊಡುತ್ತಿದ್ದಾರೆ ಎಂಬುದು ಕಾಗದದಲ್ಲಿ ಕಾಣಬೇಕು. ನಾಲ್ಕು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಅಧಿಕಾರಿ ಸಾಲು ಸಾಲಾಗಿ ನೋಡುತ್ತಾರೆ. ಮೂರು ತಿಂಗಳು ಅಲ್ಪಸ್ವಲ್ಪ ಓಡಾಡಿದ ಖಾತೆಗೆ ಕಡೆಯ ವಾರದಲ್ಲಿ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ, ಅದು ಹೊಲ ಮಾರಿದ ಹಣವೇ ಆಗಿರಲಿ, ಅದರ ಕ್ರಯಪತ್ರ ಜೊತೆಗಿಲ್ಲದಿದ್ದರೆ ಸಾಲ ತಂದು ತೋರಿಸಿದ್ದೆಂದೇ ಅವರು ಭಾವಿಸುತ್ತಾರೆ. ಕ್ವಿಬೆಕ್ ಪ್ರಾಂತ್ಯ ಹೊರತುಪಡಿಸಿ ಉಳಿದೆಡೆ ಒಬ್ಬರಿಗೆ ಒಂದು ವರ್ಷದ ಖರ್ಚಿಗೆ 22,895 ಕೆನಡಾ ಡಾಲರ್ ತೋರಿಸಬೇಕೆಂಬ ನಿಯಮ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಶುಲ್ಕ, ಪ್ರಯಾಣದ ಖರ್ಚು ಬೇರೆ.

ಅವನು ಯೂಟ್ಯೂಬಿನಲ್ಲಿ ನೈಜೀರಿಯಾದವರಿಗೆಂದೇ ಇದ್ದ ಕೆನಡಾದ ತ್ವರಿತ ವಿಧಾನದ ಬಗ್ಗೆ ಕೇಳಿರಬಹುದು. ಭಾರತೀಯರು ಬಳಸುತ್ತಿದ್ದ ಎಸ್‌ಡಿಎಸ್ ಮತ್ತು ನೈಜೀರಿಯಾದವರ ಎನ್‌ಎಸ್‌ಇ ಎಂಬ ತ್ವರಿತ ವಿಧಾನಗಳೆರಡೂ 2024ರ ನವೆಂಬರ್ 8ರಂದು ರದ್ದಾದವು. ಈಗ ಎಲ್ಲರದೂ ಒಂದೇ ಸಾಲು. ಬಹುಪಾಲು ಕೋರ್ಸುಗಳಿಗೆ ಆಯಾ ಪ್ರಾಂತ್ಯದ ದೃಢೀಕರಣ ಪತ್ರವೂ ಬೇಕು; ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ, ಪಿಎಚ್.ಡಿ. ಮಾಡುವವರಿಗೆ 2026ರ ಜನವರಿ 1ರಿಂದ ಇದರಿಂದ ವಿನಾಯಿತಿ ಸಿಕ್ಕಿದೆ. ಹಳೆಯ ವಿಡಿಯೊ ನೋಡಿ ಅರ್ಜಿ ತಯಾರಿಸುವುದು ಬೇಡ. ಆಯಾ ಸರ್ಕಾರದ ಜಾಲತಾಣದ ಪುಟದಲ್ಲಿ ದಿನಾಂಕ ನೋಡಿ ಓದುವುದನ್ನು ರೂಢಿಸಿಕೊಳ್ಳಲಿ.

ಏಜೆಂಟರ ಮಾತಿಗೆ ಬರುವುದಾದರೆ, "ಬ್ಯಾಲೆನ್ಸ್ ನಾವೇ ತೋರಿಸುತ್ತೇವೆ" ಎನ್ನುವವರ ಮೆಟ್ಟಿಲನ್ನು ಅವನು ಮತ್ತೆ ಹತ್ತದಿರಲಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಕೆನಡಾ 5 ವರ್ಷ, ಬ್ರಿಟನ್ 10 ವರ್ಷ ಬಾಗಿಲು ಮುಚ್ಚುತ್ತದೆ. ದಾಖಲೆ ತಯಾರಿಸಿದವರಿಗಲ್ಲ, ಅರ್ಜಿದಾರನಿಗೆ. "ನನಗೆ ಗೊತ್ತಿರಲಿಲ್ಲ, ಏಜೆಂಟರು ಮಾಡಿದ್ದು" ಎಂಬ ಸಮಜಾಯಿಷಿ ಬಹಳ ಮಟ್ಟಿಗೆ ನಡೆಯುವುದಿಲ್ಲ, ಯಾಕೆಂದರೆ ಅರ್ಜಿಯ ಕೊನೆಯಲ್ಲಿ ಎಲ್ಲವೂ ಸತ್ಯವೆಂದು ಘೋಷಿಸುವವನು ಅವನೇ. ಬೇರೆ ದೇಶಗಳ ಅರ್ಜಿಗಳಲ್ಲಿಯೂ "ಹಿಂದೆ ಎಲ್ಲಿಯಾದರೂ ವೀಸಾ ನಿರಾಕರಣೆಯಾಗಿದೆಯೆ" ಎಂಬ ಪ್ರಶ್ನೆ ಇರುತ್ತದೆ. ಸಾಮಾನ್ಯ ನಿರಾಕರಣೆಯನ್ನು ಒಪ್ಪಿಕೊಂಡು, ಕಾರಣ ಸರಿಪಡಿಸಿ ಮತ್ತೆ ಅರ್ಜಿ ಹಾಕಿದರೆ ವೀಸಾ ಸಿಗುವುದುಂಟು. ಮುಚ್ಚಿಟ್ಟದ್ದು ಬಯಲಾದರೆ ಸಿಗುವುದು ಕಷ್ಟ. ಅರ್ಜಿಯ ಖಾತೆಯನ್ನು ಅವನ ಸ್ವಂತ ಇಮೇಲ್, ಸ್ವಂತ ಪಾಸ್‌ವರ್ಡಿನಲ್ಲಿಯೇ ತೆರೆಯಲಿ. ಅಧಿಕಾರಿಗಳ ಪತ್ರ ಬರುವುದು ಆ ಇಮೇಲಿಗೆ. ಹೆಚ್ಚಿನ ದಾಖಲೆ ಕೇಳಿ ಬಂದ ಪತ್ರ ಏಜೆಂಟರ ಇಮೇಲಿನಲ್ಲೇ ಉಳಿದು ಗಡುವು ತಪ್ಪಿದರೆ ನಷ್ಟ ಹುಡುಗನದು.

ಅವನ ಅರ್ಜಿಯಲ್ಲಿ ಅಧಿಕಾರಿಗೆ ಏಳುವ ಸಹಜ ಪ್ರಶ್ನೆ ಇನ್ನೊಂದಿದೆ: ಭಾರತದಲ್ಲಿ ಒಂದು ಸ್ನಾತಕೋತ್ತರ ಪದವಿ ಮುಗಿಸಿದವನು ಇನ್ನೊಂದನ್ನು ಯಾಕೆ ಓದುತ್ತಾನೆ? ಇದಕ್ಕೆ ಅವನೇ, ತನ್ನ ಮಾತಿನಲ್ಲಿ, ಒಂದು ಪುಟದ ವಿವರಣೆ ಬರೆಯಲಿ. ಇಲ್ಲಿ ಏನು ಕಲಿತ, ಅಲ್ಲಿನ ಯಾವ ವಿಷಯ ಇಲ್ಲಿ ಇರಲಿಲ್ಲ, ಮುಗಿಸಿದ ಮೇಲೆ ನೈಜೀರಿಯಾದಲ್ಲಿ ಯಾವ ಕೆಲಸಕ್ಕೆ ಅದು ಒದಗುತ್ತದೆ ಎಂಬುದು ಅದರಲ್ಲಿ ಬರಲಿ. ನೈಜೀರಿಯಾದಲ್ಲಿ ಪದವಿ ಮುಗಿಸಿದ 30 ವರ್ಷದೊಳಗಿನವರು ಒಂದು ವರ್ಷ ರಾಷ್ಟ್ರೀಯ ಯುವ ಸೇವಾ ದಳದಲ್ಲಿ ದುಡಿಯಬೇಕೆಂಬ ನಿಯಮ 1973ರಿಂದ ಇದೆ. ವೀಸಾಕ್ಕೆ ಆ ಪ್ರಮಾಣಪತ್ರ ಕಡ್ಡಾಯವಲ್ಲದಿದ್ದರೂ, ಪದವಿಗೂ ಎಂ.ಎಸ್ಸಿ.ಗೂ ನಡುವೆ ಕಾಣುವ ಖಾಲಿ ವರ್ಷಕ್ಕೆ ಅದೇ ಉತ್ತರವಾಗಿರುವುದರಿಂದ ಲಗತ್ತಿಸುವುದು ಒಳ್ಳೆಯದು. ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಪ್ರವೇಶ ಕೊಡುವ ವಿಶ್ವವಿದ್ಯಾಲಯವನ್ನೇ ಕೇಳಲಿ; ಪಶ್ಚಿಮ ಆಫ್ರಿಕಾದ ಶಾಲಾಂತ್ಯ ಪರೀಕ್ಷೆಯ ಇಂಗ್ಲಿಷ್ ಅಂಕವನ್ನು ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಆಗ ಐಇಎಲ್‌ಟಿಎಸ್ ಖರ್ಚು ಉಳಿಯುತ್ತದೆ.

ಬ್ರಿಟನ್ನಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರುವವರಿಗೆ ಕ್ಷಯರೋಗದ ಪರೀಕ್ಷೆ ಕಡ್ಡಾಯ. ಭಾರತ, ನೈಜೀರಿಯಾ ಎರಡೂ ಆ ಪಟ್ಟಿಯಲ್ಲಿವೆ. ಬ್ರಿಟನ್ ಗೊತ್ತುಪಡಿಸಿದ ಕೇಂದ್ರದಲ್ಲಿಯೇ ಅದನ್ನು ಮಾಡಿಸಬೇಕು, ನಮ್ಮ ಊರಿನ ಆಸ್ಪತ್ರೆಯ ಎಕ್ಸ್‌ರೇ ಎಷ್ಟೇ ಸ್ಪಷ್ಟವಾಗಿದ್ದರೂ ಸ್ವೀಕರಿಸುವುದಿಲ್ಲ. ಪ್ರಮಾಣಪತ್ರಕ್ಕೆ ಆರು ತಿಂಗಳ ಬಾಳಿಕೆ. ಪಾಸ್‌ಪೋರ್ಟಿನ ಅವಧಿ ಕಡಿಮೆಯಿದ್ದರೆ ನವೀಕರಣಕ್ಕೆ ನವದೆಹಲಿಯ ನೈಜೀರಿಯಾ ಹೈಕಮಿಷನ್ನಿಗೆ ಹೋಗಬೇಕಾಗುವುದರಿಂದ, ಆ ಕೆಲಸವನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಲಿ. ಮುಂದೆ ಯೂರೋಪಿನ ಯಾವುದಾದರೂ ದೇಶ ದಾಖಲೆಗಳಿಗೆ ಅಪೊಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳು ದಾಖಲೆ ಅಸಲಿ ಎಂದು ಒಪ್ಪುವ) ಮುದ್ರೆ ಕೇಳಿದರೆ, ಅವನ ಭಾರತದ ಪದವಿಗೆ ಅದು ನಮ್ಮ ವಿದೇಶಾಂಗ ಸಚಿವಾಲಯದಿಂದ ಸಿಗುತ್ತದೆ. ನೈಜೀರಿಯಾ ಆ ಒಪ್ಪಂದಕ್ಕೆ ಸೇರಿಲ್ಲವಾದ್ದರಿಂದ ಅಲ್ಲಿನ ಪ್ರಮಾಣಪತ್ರಗಳಿಗೆ ಅಬುಜಾದ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಸಂಬಂಧಪಟ್ಟ ರಾಯಭಾರ ಕಚೇರಿಯ ಮುದ್ರೆ ಎಂಬ ಹಳೆಯ ದಾರಿಯೇ ಇರುವುದು. ಊರಿಗೆ ಹೋಗಿ ಬರುವುದಾದರೆ ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಮರೆಯಬಾರದು. ಅದಿಲ್ಲದೆ ನೈಜೀರಿಯಾದಿಂದ ಭಾರತಕ್ಕೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಪ್ರಶ್ನೆ: ನನ್ನ ತಮ್ಮ ಡಿಪ್ಲೊಮಾ ಮೆಕ್ಯಾನಿಕಲ್ ಓದಿದ್ದಾನೆ. ನೈಜೀರಿಯಾದ ಲಾಗೋಸ್‌ನ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಕೆಲಸಕ್ಕೆ ಆಯ್ಕೆಯಾಗಿದ್ದಾನೆ. "ಬಿಸಿನೆಸ್ ವೀಸಾದ ಮೇಲೆ ಬನ್ನಿ, ಬಂದಮೇಲೆ ನೋಡೋಣ" ಎನ್ನುತ್ತಿದ್ದಾರೆ. ಹೋಗಬಹುದೆ?
— ಓದುಗರು, ಹುಮನಾಬಾದ್

ಉತ್ತರ: ಆ ಮಾತಿನ ಮೇಲೆ ಹೋಗಬಾರದು. ನೈಜೀರಿಯಾದಲ್ಲಿ ವಿದೇಶಿಯನ್ನು ಕಾಯಂ ಕೆಲಸಕ್ಕೆ ಇಟ್ಟುಕೊಳ್ಳಲು ಆ ಕಂಪನಿಯ ಹೆಸರಿನಲ್ಲಿ ಅಲ್ಲಿನ ಸರ್ಕಾರ ಮಂಜೂರು ಮಾಡಿದ ವಿದೇಶಿ ನೌಕರರ ಕೋಟಾ ಇರಬೇಕು. ಆ ಕೋಟಾದ ಆಧಾರದ ಮೇಲೆ ನವದೆಹಲಿಯ ಹೈಕಮಿಷನ್ನಿನಿಂದ ಎಸ್‌ಟಿಆರ್ (ಅಲ್ಲಿಗೆ ಹೋದ ಮೇಲೆ ಕ್ರಮಬದ್ಧಗೊಳಿಸಿಕೊಳ್ಳಬೇಕಾದ) ವೀಸಾ ಪಡೆದು ಹೋಗಿ, ಅಲ್ಲಿ ಇಳಿದ ಮೇಲೆ 90 ದಿನದೊಳಗೆ ಕಂಪನಿಯ ಮೂಲಕ ಸೆರ್ಪಾಕ್ ಎಂಬ ನಿವಾಸ ಮತ್ತು ಕೆಲಸದ ಕಾರ್ಡು ಮಾಡಿಸಿಕೊಳ್ಳಬೇಕು. ಕೋಟಾ ಮಂಜೂರಾತಿಯ ಪ್ರತಿಯನ್ನು ಕೇಳಿ. ಕಳಿಸುವ ಕಂಪನಿ ನಂಬಲರ್ಹ, ಕಳಿಸದಿದ್ದರೆ ಆ ಉದ್ಯೋಗವನ್ನು ಬಿಟ್ಟುಬಿಡುವುದೇ ಕ್ಷೇಮ. ಸೆರ್ಪಾಕ್ ಶುಲ್ಕ ದೊಡ್ಡದು; ಅದನ್ನು ಕಂಪನಿ ಕಟ್ಟುತ್ತದೆ ಎಂಬುದನ್ನೂ, ವಾಪಸ್ ಬರುವ ಟಿಕೆಟ್ ಯಾರದು ಎಂಬುದನ್ನೂ ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೈದರಾಬಾದ್ ಅಥವಾ ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು.

ಪ್ರಶ್ನೆ: ನನ್ನ ಮಗ ಒಂಬತ್ತನೆಯ ತರಗತಿಯವರೆಗೆ ಓದಿದ್ದಾನೆ, ಗಾರೆ ಕೆಲಸ ಗೊತ್ತು. ಪರಿಚಯದ ಏಜೆಂಟನೊಬ್ಬ ಒಂದೂವರೆ ಲಕ್ಷ ಕೇಳುತ್ತಿದ್ದಾನೆ. ಮೊದಲು ವಿಸಿಟ್ ವೀಸಾದ ಮೇಲೆ ದುಬೈ, ಆಮೇಲೆ ಕೆಲಸದ ವೀಸಾ ಎನ್ನುತ್ತಾನೆ. ಪಾಸ್‌ಪೋರ್ಟನ್ನೂ ಇಸಿದುಕೊಂಡಿದ್ದಾನೆ.
— ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಮೊದಲು ಪಾಸ್‌ಪೋರ್ಟನ್ನು ವಾಪಸ್ ತೆಗೆದುಕೊಳ್ಳಿ. ಕೊಡಲು ಒಪ್ಪದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ.

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹರೇನ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಗಳ ಅನುಮತಿ ಬೇಕು. 1983ರ ವಲಸೆ ಕಾಯ್ದೆ ಇದನ್ನು ತಂದದ್ದು ಬಡವರನ್ನು ತಡೆಯಲಿಕ್ಕಲ್ಲ, ಅವರ ಕರಾರುಪತ್ರವನ್ನು ಹೊರಡುವ ಮೊದಲೇ ಸರ್ಕಾರ ಒಮ್ಮೆ ನೋಡಲಿ ಎಂದು. ವಿಸಿಟ್ ವೀಸಾದ ಮೇಲೆ ಕಳಿಸುವ ಏಜೆಂಟರು ತಪ್ಪಿಸುತ್ತಿರುವುದು ಸರಿಯಾಗಿ ಇದನ್ನೇ. ಸಂಬಳ ಕೊಡದಿದ್ದರೆ, ಕೈಕಾಲು ಮುರಿದರೆ, ಆ ಹುಡುಗ ಕೆಲಸಕ್ಕೆ ಬಂದವನೇ ಅಲ್ಲ ಎಂದು ಮಾಲೀಕ ಹೇಳಿಬಿಡಬಹುದು, ಕಾಗದ ಮಾಲೀಕನ ಪರವಾಗಿಯೇ ಇರುತ್ತದೆ.

ನೋಂದಾಯಿತ ಏಜೆಂಟರಿಗೆ ಕೇಂದ್ರ ಸರ್ಕಾರ ಕೊಟ್ಟ ಪರವಾನಗಿ ಸಂಖ್ಯೆ ಇರುತ್ತದೆ. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದನ್ನು ಹಾಕಿ ಯಾರು ಬೇಕಾದರೂ ಪರೀಕ್ಷಿಸಬಹುದು. ಅವರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಲೇಬೇಕು. "ದೊಡ್ಡ ಏಜೆಂಟರ ಪರವಾಗಿ ನಾನು ಊರಲ್ಲಿ ಹುಡುಗರನ್ನು ಕೂಡಿಸುತ್ತೇನೆ" ಎನ್ನುವ ಉಪ ಏಜೆಂಟರಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಸರಿಯಾದ ದಾರಿಯಲ್ಲಿ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಇರುತ್ತದೆ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಅಪಘಾತದ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ. ಅನುಮಾನವಿದ್ದರೆ ವಿದೇಶಾಂಗ ಸಚಿವಾಲಯದ ಉಚಿತ ಸಹಾಯವಾಣಿ 1800-11-3090ಕ್ಕೆ ಕರೆ ಮಾಡಿ. ಒಂದೂವರೆ ಲಕ್ಷಕ್ಕಾಗಿ ಹೊಲ ಅಡವಿಡುವ ಯೋಚನೆ ಮನೆಯಲ್ಲಿ ನಡೆದಿದ್ದರೆ ದಯವಿಟ್ಟು ಅದನ್ನು ನಿಲ್ಲಿಸಿ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು ಮಾತ್ರ ಇದೆ, ಅಡ್ಡಹೆಸರಿನ ಜಾಗ ಖಾಲಿ. ಶಾರ್ಜಾದಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕು. ತೊಂದರೆಯಾಗುತ್ತದೆಯೆ?
— ಗೃಹಿಣಿ, ಬಸವಕಲ್ಯಾಣ

ಉತ್ತರ: ನಮ್ಮ ಭಾಗದ ಬಹಳಷ್ಟು ತಾಯಂದಿರ ಪಾಸ್‌ಪೋರ್ಟು ಹೀಗೆಯೇ ಇದೆ. ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ಮತ್ತು ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುತ್ತೇವೆಂದು ಕೆಲವೇ ದಿನಗಳಲ್ಲಿ ಸಡಿಲಿಕೆಯನ್ನೂ ಪ್ರಕಟಿಸಿತು. ನಮ್ಮ ಪಾಸ್‌ಪೋರ್ಟಿನಲ್ಲಿ ವಿವರಗಳ ಆ ಎರಡನೆಯ ಪುಟ ಕೊನೆಯಲ್ಲಿರುತ್ತದೆ; ನಿಮ್ಮದರ ಕೊನೆಯ ಹಾಳೆ ತೆರೆದು ತಂದೆಯ ಹೆಸರು ಇದೆಯೇ ನೋಡಿ. ಇದ್ದರೂ ಟಿಕೆಟ್ ಕೊಳ್ಳುವ ಮುನ್ನ ವಿಮಾನ ಸಂಸ್ಥೆಯಿಂದ ಇಮೇಲಿನಲ್ಲಿ ಖಚಿತಪಡಿಸಿಕೊಳ್ಳುವಂತೆ ಮಗಳಿಗೆ ಹೇಳಿ, ಯಾಕೆಂದರೆ ತಡೆಯುವುದು ಹೆಚ್ಚಾಗಿ ಇಲ್ಲಿನ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ.

ಹೆರಿಗೆಗೆ ಇನ್ನೂ ಕೆಲವು ತಿಂಗಳಿದ್ದರೆ ಅಡ್ಡಹೆಸರು ಸೇರಿಸಿ ಪಾಸ್‌ಪೋರ್ಟನ್ನು ಮರುವಿತರಣೆ ಮಾಡಿಸಿಕೊಳ್ಳುವುದೇ ಉತ್ತಮ. ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಹಾಕಿ, ಕಲಬುರಗಿಯ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಳ್ಳಬಹುದು. ಹೋಗುವ ಮೊದಲು ಆಧಾರ್, ಮತದಾರರ ಚೀಟಿ, ಪಾನ್ ಕಾರ್ಡುಗಳನ್ನು ಒಂದೆಡೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಊರಿನ ಹೆಸರು ಅಡ್ಡಹೆಸರಾಗಿ ಬಂದಿರುವುದು ಸಾಮಾನ್ಯ. ಯಾವುದನ್ನು ಉಳಿಸಿಕೊಳ್ಳುತ್ತೀರೋ ನಿರ್ಧರಿಸಿ, ಮೊದಲು ಆಧಾರನ್ನು ಅದರಂತೆ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಹೋಗಿ. ಮಗಳ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಹೇಗಿದೆ ಎಂಬುದನ್ನೂ ಕೇಳಿಕೊಳ್ಳಿ. ಅವಳ ಮನೆಯವರು ಪ್ರಾಯೋಜಕರಾಗಿ ನಿಮಗೆ ವೀಸಾ ತೆಗೆಸುವಾಗ ಸಂಬಂಧ ತೋರಿಸಬೇಕಾದದ್ದು ಆ ಪುಟದಿಂದಲೇ.